ಟಾಚಿಗೊಂದು ಟಾಚಣಿ

ಕುಂಟುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಆದರೆ ಸೋಮವಾರ ಬಲಗಾಲು ಕುಂಟಿ, ಮಂಗಳವಾರ ಎಡಗಾಲು ಕುಂಟಿ, ಬುಧವಾರ ಎರಡೂ ಮರೆತು ನೆಟ್ಟಗೆ ನಾಲ್ಕು ಹೆಜ್ಜೆ ನಡೆದು, ಆಮೇಲೆ ‘ಅಯ್ಯಯ್ಯೋ’ ಅಂತ ನೆನಪು ಮಾಡಿಕೊಂಡು ಕುಂಟುವ ಮನುಷ್ಯನನ್ನು ನೋಡಿದ್ದೀರಾ? ಇಲ್ಲ ತಾನೇ? ಹಾಗಾದರೆ ನೀವು ನಮ್ಮ ಕಾಕಾನನ್ನು ನೋಡಿಲ್ಲ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಹೆಸರು ಬೇಡ. ಹೆಸರು ಹಾಕಿದರೆ ಯಾರ ಕೈಲಾದರೂ ಇದನ್ನು ಪ್ರಿಂಟ್ ತೆಗೆಸಿ, ಸಾಲು ಸಾಲಿಗೂ ಆಕ್ಷೇಪಣೆ ಬರೆದು, ಮೂಲೆಗೆ ಟಾಚಣಿ ಚುಚ್ಚಿ ತಂದು ನನ್ನ ಮುಖಕ್ಕೆ ಹಿಡಿಯುತ್ತಾನೆ. (‘ಹಿಡಿಯುತ್ತಾನೆ’ ಅಂದದ್ದಕ್ಕೆ ಬೆಂಗಳೂರಿನವರು ಹುಬ್ಬು ಏರಿಸಬೇಡಿ. ನಮ್ಮ ಬೆಳಗಾವಿ ಕಡೆ ಕಾಕಾನಿಗೆ ಏಕವಚನವೇ. ಬಹುವಚನ ಬಂತು ಅಂದರೆ ಮನೆಯಲ್ಲಿ ಜಗಳ ಆಗಿದೆ ಅಂತ ಅರ್ಥ.)

ಟಾಚಣಿ ಗೊತ್ತಲ್ಲ, ಗುಂಡುಸೂಜಿ? ಮರಾಠಿಯಲ್ಲೂ ಟಾಚಣಿ, ನಮ್ಮ ಕಡೆಯ ಕನ್ನಡದಲ್ಲೂ ಟಾಚಣಿ. ಕಾಕಾ ಪುಣೆಯ ಒಂದು ಸರ್ಕಾರಿ ಆಫೀಸಿನ ಕಡತ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದವನು. ಅವನ ಪ್ರಕಾರ ಪ್ರಪಂಚ ಕೆಟ್ಟದ್ದು ಸ್ಟೇಪ್ಲರ್ ಬಂದಮೇಲೆ. “ಸ್ಟೇಪ್ಲರ್ ಅಂದ್ರ ಕಾಗದಕ್ಕ ಬೇಡಿ ಹಾಕಿದಂಗ. ಟಾಚಣಿ ಅಂದ್ರ ಕಾಗದದ ಕೈ ಹಿಡದಂಗ. ಬೇಕಂದಾಗ ಬಿಡಿಸ್ಕೋಬಹುದು” ಅಂತ ಮೂವತ್ತು ವರ್ಷದಿಂದ ಅದೇ ಭಾಷಣ. ಲಗ್ನ ಮಾಡಿಕೊಳ್ಳದ ಮನುಷ್ಯ ಕೈ ಹಿಡಿಯುವ ಬಗ್ಗೆ ಮಾತಾಡುವುದು ನೋಡಿ! ಅಂಗಿಯ ಜೇಬಿನ ಅಂಚಿಗೆ ಸದಾ ಐದಾರು ಟಾಚಣಿಗಳು ಸಾಲಾಗಿ ನಿಂತಿರುತ್ತವೆ, ಸೇನಾಧಿಕಾರಿಯ ಪದಕಗಳ ಹಾಗೆ. ನಾನೂ ಈಗ ಪುಣೆಯಲ್ಲೇ ಇರುವುದು; ಒಮ್ಮೆ ಇಲ್ಲಿನ ವಿಮಾನ ನಗರದ ಶಾಪಿಂಗ್ ಮಾಲಿಗೆ ಕರೆದುಕೊಂಡು ಹೋದಾಗ ಬಾಗಿಲಲ್ಲಿ ಯಂತ್ರ ಕುಂಯ್ ಅಂತು. ಕಾವಲಿನವನು ಜೇಬು ಮುಟ್ಟಿ ನೋಡಿ ತನ್ನ ಬೆರಳಿಗೇ ಚುಚ್ಚಿಸಿಕೊಂಡ. “ಮುಟ್ಟಬ್ಯಾಡ ಅಂತ ಹೇಳೂದ್ರಾಗ ಮುಟ್ಟಿದಿ” ಅಂತ ಕಾಕಾ ಅವನಿಗೇ ಬೈದು, ಮಾಲಿನೊಳಗೆ ಹೋಗದೆ ವಾಪಸ್ ಬಂದ. ನನ್ನ ಒಂದು ರವಿವಾರ ಹಾಳಾಯಿತು.

ಇಂಥವನು ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಮ್ಮ ಮನೆಯ ಗಂಟೆ ಒತ್ತುತ್ತಾನೆ. ಅವನ ಮನೆ ಹಿಂದಿನ ಓಣಿಯಲ್ಲಿ. ಬಂದು ಚಹಾ ಕುಡಿಯುತ್ತಾನೆ, ಚಹಾದಲ್ಲಿ ಶುಂಠಿ ಹೆಚ್ಚು ಅನ್ನುತ್ತಾನೆ, ಶುಂಠಿ ಕಡಿಮೆ ಮಾಡಿದರೆ ಇದೇನು ಆಸ್ಪತ್ರೆಯ ಚಹಾನಾ ಅನ್ನುತ್ತಾನೆ. ನಾನು ಮಗರಪಟ್ಟಾದ ಆಫೀಸಿಗೆ ಓಡುವ ಗಡಿಬಿಡಿಯಲ್ಲಿರುವಾಗಲೇ ನನ್ನ ಚೀಲದ ಒಳಗಿನ ಕಾಗದಗಳಿಗೆ ಸ್ಟೇಪ್ಲರ್ ಬಿದ್ದಿದೆಯೇ ಅಂತ ತಪಾಸಣೆ ಮಾಡುತ್ತಾನೆ. ಇದೆಲ್ಲ ನಾನು ಸಹಿಸಿಕೊಂಡಿದ್ದೆ. ಯಾಕೆಂದರೆ ಅವನು ಬಂದಾಗ ಅವ್ವ ಮಾತಾಡುತ್ತಿದ್ದಳು.

ಅವ್ವನ ವಿಷಯ ಹೇಳಲೇಬೇಕು. ಅಪ್ಪ ಹೋದಮೇಲೆ ಅವ್ವ ನನ್ನ ಹತ್ತಿರವೇ ಇದ್ದಾಳೆ. ಗಣಪತಿ ಹಬ್ಬಕ್ಕೆ ಎರಡು ವಾರ ಮೊದಲು ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬಿಗೆ ಕೂದಲೆಳೆಯಷ್ಟು ಬಿರುಕು. ಆಪರೇಷನ್ ಬೇಕಾಗಲಿಲ್ಲ, ಮಲಗಿದ್ದಲ್ಲೇ ಕೂಡಿಕೊಂಡಿತು. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ, ಗೋಡೆ ಹಿಡಿದುಕೊಂಡು ಅಷ್ಟೇ ಅವಳ ಪ್ರಯಾಣ. ಹೊಸ್ತಿಲು ದಾಟುವ ಮಾತೆತ್ತಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು ಸ್ಪಷ್ಟವಾಗಿಯೇ ಹೇಳಿದ್ದರು: “ಈಗ ನಡೆಸಿ. ಇನ್ನೆರಡು ಮೂರು ತಿಂಗಳು ಹೀಗೇ ಕೂತರೆ ಆಮೇಲೆ ಬೇಕೆಂದರೂ ಕಾಲು ಏಳುವುದಿಲ್ಲ.”

ನಾನು ಬೇಡಿಕೊಂಡೆ, ಬೈದೆ, ಅತ್ತೆ. ವಾಕರ್ ತಂದೆ. ಅವ್ವ ಅದರ ಮೇಲೆ ಟವೆಲು ಒಣಹಾಕಿದಳು.

ಇದೇ ಹೊತ್ತಿಗೆ ನಮ್ಮ ಕಾಕಾನ ಹಿಮ್ಮಡಿ ನೋಯಲು ಶುರುವಾಯಿತು. ಎಂಥ ಮುಹೂರ್ತ! ಮನೆಯಲ್ಲಿ ಒಬ್ಬರ ಕಾಲು ಸಾಲದೆ?

ನೋವು ನಿಜವೇ ಇತ್ತು, ಸುಳ್ಳು ಹೇಳಬಾರದು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಲಗಾಲು ನೆಲಕ್ಕೆ ಊರಿದ ತಕ್ಷಣ, ಅವನದೇ ಮಾತಿನಲ್ಲಿ, “ಕೆಳಗಿನ ಮನ್ಯಾಂವ ನೆಲದಾಗಿಂದ ಮೊಳಿ ಹೊಡದಂಗ.” ಹತ್ತು ಹೆಜ್ಜೆ ಆದಮೇಲೆ ಸ್ವಲ್ಪ ಸಡಿಲ. ಕೂತು ಎದ್ದರೆ ಮತ್ತೆ ಮೊಳೆ. ಇಷ್ಟಕ್ಕೆ ಡಾಕ್ಟರ ಹತ್ತಿರ ಹೋಗಿದ್ದರೆ ಕಾಕಾ ಯಾಕಾಗುತ್ತಿದ್ದ? ಎಕ್ಕದ ಎಲೆ ಹುಡುಕಲು ವಿಮಾನ ನಿಲ್ದಾಣದ ಗೋಡೆಯ ಗುಂಟ ಕುಂಟುತ್ತಾ ಹೋಗಿ, ಬಂದೂಕು ಹಿಡಿದವರು “ಕ್ಯಾ ಢೂಂಢ್ ರಹೇ ಹೋ ಚಾಚಾ?” ಅಂತ ಕೇಳುವ ಮಟ್ಟಕ್ಕೆ ಹೋಯಿತು. ಎಲೆ ತಂದ. ಯಾರೋ ಕಟ್ಟುತ್ತಿರುವ ಮನೆಯಿಂದ ಇಟ್ಟಿಗೆ ತಂದ. ಇಟ್ಟಿಗೆಯನ್ನು ನಮ್ಮ ಗ್ಯಾಸಿನ ಮೇಲೆ, ನಾನು ರೊಟ್ಟಿ ಬೇಯಿಸಬೇಕಾದ ಹೊತ್ತಿಗೆ ಇಟ್ಟು ಕಾಯಿಸಿದ. ಅದರ ಮೇಲೆ ಎಲೆ, ಎಲೆಯ ಮೇಲೆ ಹಿಮ್ಮಡಿ. ಮೂರು ದಿನ ಮನೆಯೆಲ್ಲ ಸುಟ್ಟ ಸೊಪ್ಪಿನ ವಾಸನೆ. ನಾಲ್ಕನೇ ದಿನ ಯಾರೋ ವಾಟ್ಸಾಪಿನಲ್ಲಿ ಬಿಸಿ ಅಲ್ಲ, ತಣ್ಣಗಿನದು ಬೇಕು ಅಂದರು. ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಹೆಪ್ಪುಗಟ್ಟಿಸಿ ಪಾದದ ಕೆಳಗೆ ಉರುಳಿಸತೊಡಗಿದ. ಬಾಟಲಿ ಸೋಫಾದ ಕೆಳಗೆ ಉರುಳಿತು. ಅದನ್ನು ತೆಗೆಯಲು ಬಗ್ಗಿದ ನನ್ನ ಗಂಡನ ಸೊಂಟ ಹಿಡಿದುಕೊಂಡಿತು. ಮನೆಯಲ್ಲಿ ಈಗ ಮೂವರು.

ಅಷ್ಟರಲ್ಲಿ ನಾನು ಅವ್ವನಿಗೆ ಒಬ್ಬ ಫಿಸಿಯೋಥೆರಪಿ ಹುಡುಗಿಯ ಹತ್ತಿರ ಹೊತ್ತು ಗೊತ್ತು ಮಾಡಿದ್ದೆ. ಎರಡು ಓಣಿ ಆಚೆ ಅವಳ ಕ್ಲಿನಿಕ್ಕು. ಶನಿವಾರ ಹತ್ತು ಗಂಟೆ. ರಿಕ್ಷಾ ಕೆಳಗೆ ನಿಂತಿದೆ. ಅವ್ವ ಕುರ್ಚಿಯ ಕೈಗಳನ್ನು ಗಟ್ಟಿ ಹಿಡಿದು ಕೂತಳು.

“ನಾ ಒಲ್ಲೆ.”

“ಅವ್ವಾ, ಬರೇ ನೋಡ್ತಾಳ, ಏನೂ ಮಾಡೂದಿಲ್ಲ.”

“ನೋಡಬೇಕಂದ್ರ ಇಲ್ಲಿಗೆ ಬಂದು ನೋಡ್ಲಿ. ನಾ ಬೀಳ್ತೀನಿ. ಬಿದ್ದರ ನೀ ಎತ್ತತೀಯೇನ?”

ನಾನು ತಲೆ ಹಿಡಿದುಕೊಂಡೆ. ಮೂಲೆಯಲ್ಲಿ ಚಹಾ ಹೀರುತ್ತಿದ್ದ ಕಾಕಾ ಎದ್ದು ನಿಂತ, ಮೊಳೆ ಚುಚ್ಚಿತು, “ಹಾ” ಅಂದ, ಆಮೇಲೆ ಘೋಷಣೆ: “ಆ ಹುಡುಗಿ ಪಾಪ ಕಾಯಾಕತ್ತಿರ್ತಾಳ. ವೈನಿ ಬದಲಿ ನಾ ಹೋಗ್ತೀನಿ.”

ವೈನಿ ಅಂದರೆ ಅತ್ತಿಗೆ, ನಮ್ಮವ್ವ. ಅವಳ ಬದಲಿ! ಇದೇನು ಸಿನಿಮಾ ಟಿಕೆಟ್ಟೇ?

ಹುಡುಗಿ ಮರಾಠಿಯವಳು, ನಗುಮುಖದವಳು, ಪಾಪ ಆವತ್ತಿನವರೆಗೆ ನಗುಮುಖದವಳು. “ಕಾಯ್ ತ್ರಾಸ್ ಆಹೇ, ಕಾಕಾ?” ಅಂತ, ಏನು ತೊಂದರೆ ಅಂತ, ಕೇಳಿದಳು. ಕಾಕಾ “ಟಾಚ್” ಅಂದ. ಮರಾಠಿಯಲ್ಲಿ ಹಿಮ್ಮಡಿಗೆ ಟಾಚ್ ಅನ್ನುತ್ತಾರೆ. ಅವಳು ಹಿಮ್ಮಡಿಯ ಕೆಳಗೆ ಒಂದು ಕಡೆ ಹೆಬ್ಬೆರಳು ಒತ್ತಿದಳು. ಕಾಕಾ ಮಂಚದ ಮೇಲೆ ಒಂದು ಗೇಣು ಹಾರಿದ. “ಪ್ಲಾಂಟರ್ ಫೇಶಿಯೈಟಿಸ್” ಅಂದಳು.

ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲಿ: “ಪ್ಲಾಂಟರ್ ಅಂದ್ರ ಚಹಾ ತ್ವಾಟದ ಮಾಲಕ ಅಲ್ಲೇನ?”

“ಸುಮ್ನಿರು ಕಾಕಾ. ಪಾದದ ತಳಕ್ಕ ಹಂಗಂತಾರ.”

“ಇರಲಿ. ಹಿಮ್ಮಡಿಗೆ ಫೇಶಿಯಲ್ ಯಾಕ?”

ಅವಳು ತಾಳ್ಮೆಯಿಂದ ವಿವರಿಸಿದಳು. ಪಾದದ ತಳದಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅದು ಹಿಮ್ಮಡಿಗೆ ಅಂಟುವ ಜಾಗ ಕೆರಳಿದೆ. ಮೀನಖಂಡದ ಸ್ನಾಯುವಿನಲ್ಲಿ ಗಂಟುಗಳು ಬಿಗಿದಿವೆ. ಅಲ್ಲಿಗೆ ಸಣ್ಣ ಸೂಜಿ ಹಾಕಿ ಸಡಿಲ ಮಾಡಬಹುದು, ಜೊತೆಗೆ ದಿನಾ ವ್ಯಾಯಾಮ ಮಾಡಬೇಕು. ಇದಕ್ಕೆ ಡ್ರೈ ನೀಡ್ಲಿಂಗ್ ಅನ್ನುತ್ತಾರೆ. ಹೀಗಂದು ಪುಟ್ಟ ಪಾಕೀಟು ತೆಗೆದು ತೋರಿಸಿದಳು. ಒಳಗೆ ಕೂದಲಿನಷ್ಟು ತೆಳ್ಳಗಿನ, ಉದ್ದನೆಯ ಸೂಜಿಗಳು.

ಕಾಕಾನ ಮುಖ ಅರಳಿದ್ದು ನೀವು ನೋಡಬೇಕಿತ್ತು. “ಟಾಚಿಗೆ ಟಾಚಣಿ! ತಂಗೀ, ನಾ ಇಷ್ಟ ವರ್ಷ ಏನ ಹೇಳಿಕೋತ ಬಂದೀನಿ?” ಅಂತ ನನಗೆ ಅಂದವನೇ (ನಮ್ಮ ಕಡೆ ಅಣ್ಣನ ಮಗಳಿಗೂ ತಂಗಿ ಅಂತಲೇ ಕರೆಯುತ್ತಾರೆ) ಪ್ಯಾಂಟಿನ ಜೇಬಿಗೆ ಕೈ ಹಾಕಿ, ಒಂದು ಹಸಿರು ಡಬ್ಬಿ ತೆಗೆದು, ಅವಳ ಮುಂದೆ ಚಾಚಿದ. “ಹೇ ಘ್ಯಾ. ಹೊಸಾ ಡಬ್ಬಿ. ಒಂದಕ್ಕೂ ತುಕ್ಕಿಲ್ಲ.”

ಆ ಹುಡುಗಿ ಡಬ್ಬಿ ನೋಡಿದಳು. ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರ ನೋಡಿದೆ.

“ಟಾಚಣೀ ನಾಹೀ ಓ ಕಾಕಾ, ಹೀ ವೇಗಳೀ ಸುಈ ಆಹೇ” ಅಂತ, ಇದು ಬೇರೆ ಸೂಜಿ ಅಂತ, ಅವಳು ಡಬ್ಬಿಯನ್ನು ಎರಡು ಬೆರಳಲ್ಲಿ ಹಿಂದಕ್ಕೆ ಸರಿಸಿದಳು. ಕಾಕಾನಿಗೆ ಅವಮಾನವಾಯಿತು. ಅವಮಾನವಾದಾಗ ಅವನು ಪ್ರಶ್ನೆ ಕೇಳುತ್ತಾನೆ.

“ಡ್ರೈ ಅಂದ್ರೇನ? ಡ್ರೈ ಡೇ ಗೊತ್ತದ, ಅಂಗಡಿ ಬಂದ್ ಇರ್ತಾವ. ಡ್ರೈ ಕ್ಲೀನಿಂಗ್ ಗೊತ್ತದ. ಇದ್ಯಾವ ಡ್ರೈ?”

“ಸೂಜಿ ಒಳಗ ಔಷಧ ಇರೂದಿಲ್ಲಂತ ಕಾಕಾ. ಬರೇ ಸೂಜಿ.”

“ಔಷಧ ಇಲ್ಲದ ಸೂಜಿ?” ಕಾಕಾ ಎದ್ದು ಕೂತ. “ಮೆಣಸಿನಕಾಯಿ ಇಲ್ಲದ ಮಿರ್ಚಿ ಭಜಿ ಕೊಟ್ಟಂಗಾತಲ್ಲ ಇದು! ಬರೇ ಚುಚ್ಚಿದರ ಹೆಂಗ ಕಡಿಮಿ ಆಗ್ತದ?”

ನಾನು ಅವನ ಭುಜ ಹಿಡಿದು ಬೋರಲು ಮಲಗಿಸಿದೆ. ಹುಡುಗಿ ಕೈಗವಸು ಹಾಕಿಕೊಂಡು “ಪೋಟರೀ ಸೈಲ್ ಸೋಡಾ” ಅಂದಳು. ಮೀನಖಂಡ ಸಡಿಲ ಬಿಡಿ ಅಂತ. ಕಾಕಾ ಸಡಿಲ ಬಿಡುವುದಿರಲಿ, ನನ್ನ ಕೈಯನ್ನು ಬೆರಳು ಮುರಿಯುವಷ್ಟು ಗಟ್ಟಿ ಹಿಡಿದ.

“ಅಂಜಿಕಿ ಬಂತೇನ ಕಾಕಾ?”

“ನನಗ್ಯಾಕ ಅಂಜಿಕಿ? ನೀ ಅಂಜಬಾರದಂತ ಹಿಡದೀನಿ.” ದಿಂಬಿಗೆ ಮುಖ ಒತ್ತಿಕೊಂಡೇ ಮತ್ತೆ ಅಂದ: “ವೈನಿ ಮುಳ್ಳ ತಗೀತಿದ್ರು ನೋಡು, ಸೂಜಿ ತಗೊಂಡು. ಚುಚ್ಚಿದ್ದ ಗೊತ್ತಾಗ್ತಿದ್ದಿಲ್ಲ. ಇವರಿಗೆಲ್ಲಿ ಬರ್ತದ ಅದು!”

ಅವ್ವ ಸೊಸೆಯಾಗಿ ಬಂದಾಗ ಕಾಕಾ ಇನ್ನೂ ಚಡ್ಡಿ ಹಾಕಿಕೊಂಡು ಬರಿಗಾಲಲ್ಲಿ ತಿರುಗುವ ಹುಡುಗ. ಅವನ ಪಾದದಿಂದ ಅವ್ವ ತೆಗೆದಿರುವ ಮುಳ್ಳುಗಳನ್ನು ಕೂಡಿಸಿದರೆ ಒಂದು ಬೇಲಿ ಹಾಕಬಹುದಂತೆ.

ಮೊದಲ ಸೂಜಿ ಒಳಗೆ ಹೋಯಿತು. ಹಿಮ್ಮಡಿಗಲ್ಲ, ಮೀನಖಂಡಕ್ಕೆ. ಕಾಕಾ ತಲೆ ಎತ್ತಿ ಕೂಗಿದ: “ತಂಗೀ, ನೋವು ತಳದ ಮನ್ಯಾಗದ. ಈಕಿ ಮ್ಯಾಲಿನ ಮನಿ ಬಾಗಲಾ ಬಡಿಯಾಕತ್ತಾಳ!”

ಅವಳು ಏನಂತ ಕೇಳಿದಳು. ನಾನು ಅನುವಾದ ಮಾಡಿದೆ. ಅವಳು ಕೈ ನಿಲ್ಲಿಸದೆ ಮರಾಠಿಯಲ್ಲೇ ಹೇಳಿದಳು: “ಕಾಕಾ, ಮೇಲಿನ ಫ್ಲ್ಯಾಟಿನ ಪೈಪು ಸೋರಿದರೆ ಕಲೆ ಎಲ್ಲಿ ಬರುತ್ತದೆ? ಕೆಳಗಿನ ಫ್ಲ್ಯಾಟಿನ ಛಾವಣಿಗೆ ತಾನೇ?”

ಕಾಕಾ ಎತ್ತಿದ ತಲೆಯನ್ನು ದಿಂಬಿಗೆ ಇಳಿಸಿದ. ಮೇಲಿನ ಮನೆಯ ಸೋರಿಕೆಗಾಗಿ ಹೌಸಿಂಗ್ ಸೊಸೈಟಿಯ ಜೊತೆ ಮೂರು ವರ್ಷ ಪತ್ರ ವ್ಯವಹಾರ ಮಾಡಿದವನು, ಪ್ರತಿ ಪತ್ರಕ್ಕೂ ಟಾಚಣಿ. ಈ ವಾದ ಅವನ ಎಲುಬಿಗೆ ಇಳಿಯಿತು. “ಹುಡುಗಿ ಶಾಣ್ಯಾಕಿ ಅದಾಳ” ಅಂದ.

ಎರಡನೇ ಸೂಜಿಗೆ ಗಂಟು ಸಿಕ್ಕಿತು. ಅವನ ಮೀನಖಂಡ ತಾನಾಗಿಯೇ, ಬಲೆಯಲ್ಲಿ ಸಿಕ್ಕ ಮೀನಿನ ಹಾಗೆ ಒಮ್ಮೆ ಪಟಕ್ಕನೆ ಎಗರಿತು. “ಅಯ್ಯಯ್ಯಪ್ಪಾ! ಒಳಗ ಯಾರೋ ಅದಾರ!” ಅಂತ ಕಾಕಾ ಕಿರುಚಿದ್ದಕ್ಕೆ ಹೊರಗೆ ಸರದಿ ಕಾಯುತ್ತಿದ್ದ ಇಬ್ಬರಲ್ಲಿ ಒಬ್ಬರು ಎದ್ದು ಹೋದರು.

ಮನೆಗೆ ಬಂದಮೇಲೆ ಇನ್ನೊಂದು ಪ್ರಹಸನ. ‘ಡ್ರೈ’ ಅಂದಮೇಲೆ ಕಾಲು ಒದ್ದೆಯಾಗಬಾರದು ಅಂತ ತಾನೇ ತೀರ್ಮಾನಿಸಿ, ಎರಡು ದಿನ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸ್ನಾನ ಮಾಡಿದ. ಮೂರನೇ ದಿನ ಅದಕ್ಕಿಂತ ದೊಡ್ಡ ಜ್ಞಾನೋದಯ: ಔಷಧವೇ ಇಲ್ಲ ಅಂದಮೇಲೆ ಇದಕ್ಕೆ ಕ್ಲಿನಿಕ್ಕು ಯಾಕೆ? ಹಸಿರು ಡಬ್ಬಿ ಯಾತಕ್ಕಿದೆ? ತನ್ನ ಮನೆಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಸ್ವಂತ ಹಿಮ್ಮಡಿಗೆ ಸ್ವಂತ ಟಾಚಣಿ ಚುಚ್ಚಿಕೊಂಡ. ನೀವು ಮಾಡಬೇಡಿ, ದಯವಿಟ್ಟು! ಫೋನಿನಲ್ಲಿ ಅವನ ದನಿ ಕೇಳಿ ನಾನು ಓಡಿ ಹೋದಾಗ ಕಾಕಾ ಒಂದು ಕಾಲು ಮೇಲೆತ್ತಿ ಕೂತಿದ್ದ, ಟಾಚಣಿಯ ಗುಂಡು ಮಾತ್ರ ಹೊರಗೆ ಹೊಳೆಯುತ್ತಿತ್ತು. ಡಾಕ್ಟರು ಅದನ್ನು ತೆಗೆದು, ಚೆನ್ನಾಗಿ ಬೈದು, ಧನುರ್ವಾಯು ಬರದ ಹಾಗೆ ತೋಳಿಗೊಂದು ಸೂಜಿ ಮಾಡಿದರು. ಆ ಸೂಜಿಯೊಳಗೆ ಔಷಧ ಇತ್ತು. ಕಾಕಾನಿಗೆ ಬಹಳ ಸಮಾಧಾನವಾಯಿತು.

ಆ ಹುಡುಗಿಗೆ ವಿಷಯ ಗೊತ್ತಾಗಿ, ಮುಂದಿನ ಸಲ ಒಳಗೆ ಬಿಡುವ ಮೊದಲು ಅವನ ಜೇಬು ತಡವಿದಳು. ಅಂಗಿಯ ಅಂಚಿನ ಪದಕಗಳನ್ನೂ ತೆಗೆಸಿ ಟ್ರೇನಲ್ಲಿ ಇಡಿಸಿದಳು. ವಿಮಾನ ಹತ್ತುವವರಿಗೂ ಅಷ್ಟು ತಪಾಸಣೆ ಇಲ್ಲ.

ಈಗ ನಿಜವಾದ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಎರಡನೇ ಸಲ ಸೂಜಿ ಹಾಕಿಸಿಕೊಂಡ ಮರುದಿನ ಕಾಲು ಸ್ವಲ್ಪ ಹುಣ್ಣಾದಂತೆ ನೋಯುವುದು ಸಹಜವಂತೆ. ಅವತ್ತು ಬೆಳಿಗ್ಗೆ ಕಾಕಾ ಒಳಗೆ ಬಂದವನೇ ಬಾಗಿಲ ಪಕ್ಕದ ಚಪ್ಪಲಿ ಕಪಾಟಿನ ಮೇಲೆ ಕುಸಿದು ಕೂತ. ನಾನು ಅಡುಗೆಮನೆಯಲ್ಲಿದ್ದೆ. ಗಂಡ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ.

“ವೈನೀ, ಜರಾ ಕೈ ಕೊಡ್ರಿ. ಏಳಾಕ ಆಗವಲ್ದು.”

“ಆಕೀನ ಕರಿಯೋ.”

“ಆಕಿ ಹಾಲಿಟ್ಟಾಳ್ರಿ. ಉಕ್ಕತದ.”

ನಾನು ಚಹಾ ಹಿಡಿದು ಹೊರಗೆ ಬಂದರೆ, ನಮ್ಮವ್ವ ಕುರ್ಚಿ ಬಿಟ್ಟು, ಗೋಡೆ ಹಿಡಿದು, ಕಪಾಟಿನ ತನಕ ಬಂದು ಕಾಕಾನ ಕೈ ಹಿಡಿದು ಎಬ್ಬಿಸುತ್ತಿದ್ದಾಳೆ!

“ಅವ್ವಾ! ಬಿದ್ದಿದ್ದರ? ಕಾಕಾ, ನಿನಗ ಬುದ್ಧಿ ಅದನೋ ಇಲ್ಲೋ? ಸೊಂಟ ಮುರಕೊಂಡಾಕೀನ ಊರಗೋಲು ಮಾಡ್ಕೊಂತಿ?”

“ಬಿದ್ದಿಲ್ಲಲ್ಲ?” ಅಂದ ಕಾಕಾ, ಚಹಾ ತೆಗೆದುಕೊಂಡು. “ಶುಂಠಿ ಹೆಚ್ಚಾಗೇದ.”

ಅವತ್ತಿನಿಂದ ಶುರುವಾಯಿತು. ಮರುದಿನ ಕಾಕಾ ಹೊಸ್ತಿಲಾಚೆ ಮೆಟ್ಟಿಲ ಮೇಲೆ ಕುಸಿದ. “ವೈನೀ!” ಅದರ ಮರುದಿನ ಲಿಫ್ಟಿನ ಬಾಗಿಲಲ್ಲಿ ಕುಸಿದ. “ವೈನೀ, ಸತ್ತೆನ್ರೀ!” ವಾರ ಕಳೆಯುವುದರೊಳಗೆ ಅವನು ಕುಸಿಯುವ ಜಾಗ ಕೆಳಗೆ ವಾಹನ ನಿಲ್ಲಿಸುವ ಕಡೆಗೆ ಇಳಿದಿತ್ತು. ಏಳರ ಚಹಾ ಮುಗಿಸಿ ಹೋದವನು, ದಿನಾ ನಾನು ಆಫೀಸಿಗೆ ಹೋದಮೇಲೆ ಮತ್ತೆ ಬಂದು ಕುಸಿಯುತ್ತಿದ್ದ ಬೇರೆ. ಸುದ್ದಿ ನನಗೆ ಗಂಡನಿಂದ ಫೋನಿನಲ್ಲಿ ಬರುತ್ತಿತ್ತು: “ನಿಮ್ಮ ಕಾಕಾ ಮತ್ತ ಕೂತಾನ. ಅವ್ವ ಹೋಗ್ಯಾರ ಎಬ್ಬಸಾಕ.” ನಾನು ಮಗರಪಟ್ಟಾದ ಮೀಟಿಂಗಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಡಾಕ್ಟರು ನಡೆಸಿ ಅಂದಿದ್ದರು, ನಿಜ. ಒಬ್ಬ ಕುಂಟನನ್ನು ಎಳೆದುಕೊಂಡು ನಡೆಸಿ ಅಂದಿದ್ದರಾ? ಇಬ್ಬರೂ ಸೇರಿ ಉರುಳಿಬಿದ್ದರೆ ಯಾರ ಎಲುಬು ಯಾರದು ಅಂತ ಹುಡುಕುವವಳು ನಾನು!

ಇನ್ನೊಂದು ಅನುಮಾನ ಆಗಲೇ ತಲೆ ಎತ್ತಿತ್ತು. ನಾಲ್ಕು ಸಲ ಸೂಜಿ ಮುಗಿದಿತ್ತು. ಹುಡುಗಿ ಹೇಳಿಕೊಟ್ಟ ಹಾಗೆ ಕಾಕಾ ದಿನಾ ನಮ್ಮ ಪಡಸಾಲೆಯ ಗೋಡೆ ತಳ್ಳುವ ವ್ಯಾಯಾಮ ಮಾಡುತ್ತಿದ್ದ, ಪಕ್ಕದ ಮನೆಯವರು ಬಿಲ್ಡಿಂಗಿಗೆ ಏನಾದರೂ ಅಪಾಯವೇ ಅಂತ ವಿಚಾರಿಸಿ ಹೋಗಿದ್ದರು. ಹೀಗಿರುವಾಗ ಕುಂಟು ಕಡಿಮೆಯಾಗಬೇಕಲ್ಲ? ಹೆಚ್ಚಾಗುತ್ತಿತ್ತು. ಒಂದು ದಿನ ನೋಡಿದರೆ ಎಡಗಾಲು ಎಳೆಯುತ್ತಿದ್ದಾನೆ.

“ಕಾಕಾ, ನೋವು ಬಲಗಾಲಿಗಲ್ಲ?”

ಒಂದು ಕ್ಷಣ ತನ್ನ ಎರಡೂ ಪಾದಗಳನ್ನು ನೋಡಿಕೊಂಡ. “ನೋವು ತಿರಗ್ಯಾಡ್ತದವಾ. ನನ್ನಂಗ ರಿಟೈರ್ ಆಗಿಲ್ಲ ಅದು.”

ಅದರ ಮರುದಿನದಿಂದ ಅವನ ಪ್ಯಾಂಟಿನ ಬಲಗಾಲಿನ ಅಂಚಿನಲ್ಲಿ ಒಂದು ಟಾಚಣಿ ಕಾಣಿಸತೊಡಗಿತು. ಹುಚ್ಚಿಗೆ ಹೊಸ ಜಾಗ ಸಿಕ್ಕಿತು ಅಂದುಕೊಂಡು ನಾನು ಸುಮ್ಮನಾದೆ.

ಕಳ್ಳ ಸಿಕ್ಕಿಬಿದ್ದದ್ದು ಒಂದು ಶುಕ್ರವಾರ. ನೆಗಡಿ ಅಂತ ಹತ್ತು ಗಂಟೆಗೇ ಆಫೀಸಿನಿಂದ ವಾಪಸ್ ಬರುತ್ತಿದ್ದೆ. ಸಿಗ್ನಲ್ಲಿನಲ್ಲಿ ನನ್ನ ರಿಕ್ಷಾ ನಿಂತಿತ್ತು. ಎದುರಿಗೆ ಯಾರೋ ಮುದುಕ ಕೈಯಲ್ಲಿ ಮೆಂತ್ಯೆ ಸೊಪ್ಪಿನ ಚೀಲ ಹಿಡಿದು ಬಸ್ಸಿಗೆ ಅಡ್ಡವಾಗಿ, ಎರಡು ಸ್ಕೂಟರುಗಳ ನಡುವೆ ನುಸುಳಿ, ಹುಡುಗರನ್ನು ನಾಚಿಸುವ ಹಾಗೆ ಓಡಿ ರಸ್ತೆ ದಾಟಿದ. ಎಷ್ಟು ಚುರುಕು, ಏನು ಆರೋಗ್ಯ ಅಂತ ಮೆಚ್ಚಿಕೊಳ್ಳುತ್ತಿದ್ದೆ. ನೋಡಿದರೆ ನಮ್ಮ ಕಾಕಾ!

ರಿಕ್ಷಾದವನಿಗೆ ನಿಧಾನಕ್ಕೆ ಹಿಂಬಾಲಿಸಲು ಹೇಳಿದೆ. ಕಾಕಾ ಟಪಟಪ ನಡೆಯುತ್ತಾ ನಮ್ಮ ಬಿಲ್ಡಿಂಗಿನ ಗೇಟಿಗೆ ಬಂದ. ನಿಂತ. ಬಗ್ಗಿ ಪ್ಯಾಂಟಿನ ಅಂಚು ನೋಡಿದ. ಟಾಚಣಿ ಇರುವ ಕಾಲು ಯಾವುದು ಅಂತ ಖಾತ್ರಿ ಮಾಡಿಕೊಂಡ. ಆಮೇಲೆ ಬಲಗಾಲು ಎಳೆಯುತ್ತಾ, ಮುಖ ಹಿಂಡಿಕೊಂಡು, ಒಳಗೆ ಹೋದ.

ನನ್ನ ತಲೆಗೆ ರಕ್ತ ಏರಿತು. ಎಂಥ ಮೋಸ! ವಾರಗಟ್ಟಲೆ ನಾಟಕ! ಎಪ್ಪತ್ತೈದು ದಾಟಿದ ನಮ್ಮವ್ವನ ಕೈಲಿ ಸೇವೆ ಮಾಡಿಸಿಕೊಳ್ಳಲು! ಇವತ್ತು ಇವನನ್ನು ಇಡೀ ಸೊಸೈಟಿಯ ಎದುರು ನಿಲ್ಲಿಸಿ, ಬಹುವಚನದಲ್ಲಿ ಮಾತಾಡಿಸುತ್ತೇನೆ ಅಂತ ರಿಕ್ಷಾ ಇಳಿದು ದಡದಡ ಒಳಗೆ ನುಗ್ಗಿದೆ.

ಗೇಟಿನಲ್ಲಿ ವಾಚ್‌ಮನ್ ತಡೆದ. ಬೆರಳು ಎತ್ತಿ ತೋರಿಸಿ ನಗುತ್ತಾ ಅಂದ: “ಮ್ಯಾಡಮ್, ಆಜೀಂಚೇ ಕಾಲ ದೋನ್ ರಾವುಂಡ್ ಝಾಲೇ. ಆಜ್ ತೀನ್ ಹೋಣಾರ್.”

ಅಜ್ಜಿಯದು ನಿನ್ನೆ ಎರಡು ಸುತ್ತು ಆಯಿತು. ಇವತ್ತು ಮೂರು ಆಗುತ್ತದೆ.

ನಾನು ನಿಂತೆ. ಬಿಲ್ಡಿಂಗಿನ ಮೂಲೆಯಲ್ಲಿ ಪಾರಿಜಾತದ ಗಿಡದ ಹತ್ತಿರ ಕಾಕಾ ಕಲ್ಲುಬೆಂಚಿನ ಮೇಲೆ ಕುಸಿದಿದ್ದ. ಲಿಫ್ಟಿನ ಕಡೆಯಿಂದ ಅವ್ವ ಬರುತ್ತಿದ್ದಳು. ಗೋಡೆ ಹಿಡಿಯದೆ. ಹಸಿರು ಕಾಟನ್ ಸೀರೆ, ಕಾಲಲ್ಲಿ ಅವಳದೇ ಚಪ್ಪಲಿ. ಗಣಪತಿ ಹಬ್ಬದ ಮೊದಲಿನಿಂದ ಕಪಾಟಿನಲ್ಲಿ ಧೂಳು ಹಿಡಿದಿದ್ದ ಚಪ್ಪಲಿ. ಬಂದು ಕಾಕಾನ ಮೊಣಕೈ ಹಿಡಿದು ಎಬ್ಬಿಸಿದಳು.

“ಹಗರಕ ಏಳೋ. ಎಷ್ಟ ಅವಸರ ನಿಂಗ! ನನ್ನ ಭುಜದ ಮ್ಯಾಲ ಭಾರ ಹಾಕು.”

“ನಿಮಗ ಭಾರ ಆಗ್ತದ್ರಿ ವೈನಿ.”

“ಸಣ್ಣಾಂವಿದ್ದಾಗ ಹೊತ್ಕೊಂಡ ತಿರಗೀನಿ. ಈಗೇನ ಭಾರ? ನಡಿ.”

ಇಬ್ಬರೂ ಹೊರಟರು. ಯಾರು ಯಾರನ್ನು ಹಿಡಿದಿದ್ದಾರೆ ಅಂತ ಹೇಳುವುದು ಕಷ್ಟವಿತ್ತು. ಕಾಕಾ ಕುಂಟಿದಾಗೆಲ್ಲ ಅವ್ವ ನಿಲ್ಲುತ್ತಿದ್ದಳು, ಅವನು ಸರಿಹೋದ ಮೇಲೆ ಮುಂದೆ ಹೆಜ್ಜೆ ಇಡುತ್ತಿದ್ದಳು. ನಾನು ಗಮನಿಸಿದೆ: ಅವ್ವನಿಗೆ ಉಸಿರು ಹೆಚ್ಚಾದಾಗಲೇ ಕಾಕಾನ ಕಾಲು ನೋಯುತ್ತಿತ್ತು.

ಗಿಡ ಸುತ್ತಿ ಬರುವಾಗ ಎದುರಿಗೆ ನಾನು. ಕಾಕಾ ನನ್ನನ್ನು ನೋಡಿದ. ನನ್ನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಸಿಗ್ನಲ್ಲಿನಿಂದ ಬಂದಿದ್ದೇನೆ ಅಂತ. ಜೀವನದಲ್ಲಿ ಮೊದಲ ಸಲ ಅವನ ಹತ್ತಿರ ಆಕ್ಷೇಪಣೆ ಇರಲಿಲ್ಲ. ಮೆಂತ್ಯೆ ಸೊಪ್ಪಿನ ಚೀಲ ಎದೆಗೆ ಹಿಡಿದು ನಿಂತ, ಸಾಹೇಬರ ಎದುರು ಫೈಲು ಹಿಡಿದು ನಿಂತ ಹಾಗೆ.

ನಾನು ಬಾಯಿ ತೆರೆದೆ. “ಚಹಾ ಮಾಡಲೇನ?” ಅಂತ ಬಂತು.

“ಶುಂಠಿ ಕಡಿಮಿ ಹಾಕು” ಅಂದ.

ಮೇಲೆ ಬಂದಮೇಲೆ ಅವ್ವ ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಕಾಕಾ ಅಡುಗೆಮನೆಗೆ ಬಂದು, ಸರಿಯಾದ ಎರಡು ಕಾಲಲ್ಲಿ ನಿಂತು, ದನಿ ತಗ್ಗಿಸಿ ಅಂದ:

“ಆ ಹುಡುಗಿ ಹೇಳಿದ್ದ ಖರೆ ಅದ ತಂಗಿ. ಔಷಧ ಇಲ್ಲದ ಸೂಜಿನೂ ಕೆಲಸ ಮಾಡ್ತದ. ನೋವು ಇಲ್ಲದ ಕುಂಟೂ ಮಾಡ್ತದ.” ಆಮೇಲೆ ಅವಸರದಿಂದ: “ವೈನಿಗೆ ಹೇಳಬ್ಯಾಡ ಮತ್ತ. ಗೊತ್ತಾದರ ಕುರ್ಚಿ ಬಿಟ್ಟು ಏಳೂದಿಲ್ಲ.”

ಅವನ ಹಿಮ್ಮಡಿ ಗುಣವಾದದ್ದು ಸೂಜಿಯಿಂದಲೋ, ನಮ್ಮ ಗೋಡೆ ತಳ್ಳಿದ್ದರಿಂದಲೋ, ದಿನ ಕಳೆದದ್ದಕ್ಕೋ, ನನಗೆ ಗೊತ್ತಿಲ್ಲ. ಗುಣವಾಗಿ ಮೂರು ವಾರ ಆಗಿತ್ತಂತೆ. ಮೂರು ವಾರದಿಂದ ಈ ಮನುಷ್ಯ ದಿನಕ್ಕೆ ಇಷ್ಟಿಷ್ಟು ದೂರ ಬೀಳುತ್ತಾ ಬಂದಿದ್ದಾನೆ.

ನಾನು ಹೇಳಲಿಲ್ಲ. ಆ ದಿನವಿಡೀ ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥವಳಿಗೆ ಅದೆಷ್ಟು ಕಷ್ಟ ಅಂತ ನನ್ನನ್ನು ಓದುವ ನಿಮಗೆ ಗೊತ್ತು.

ಮರುದಿನ ಶನಿವಾರ. ಏಳು ಗಂಟೆಗೆ ಐದು ನಿಮಿಷ ಇರುವಾಗ ನಾನು ಪಡಸಾಲೆಗೆ ಬಂದರೆ ಅವ್ವ ಆಗಲೇ ಎದ್ದು, ಸೀರೆ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ಹೊರಗೆ ಲಿಫ್ಟು ನಿಂತ ಸದ್ದು, ಕಾಕಾನ ಕೆಮ್ಮು. ಅವ್ವ ನನ್ನ ಅಂಗೈ ಹಿಡಿದು ಅದರಲ್ಲಿ ಏನೋ ಇಟ್ಟಳು. ಟಾಚಣಿ.

“ನಿನ್ನೆ ಬಾಗಲದಾಗ ಬಿದ್ದಿತ್ತು. ಅವನ ಪ್ಯಾಂಟಿಂದು” ಅಂದಳು, ಅವನಿಗೆ ಕೇಳದ ಹಾಗೆ. “ಚಹಾ ಕೊಡೂವಾಗ ಬಗ್ಗಿ ಬಲಗಾಲಿಗೆ ಚುಚ್ಚಿಬಿಡು. ಇಲ್ಲಾಂದ್ರ ಇವತ್ತ ಮತ್ತ ಎಡಗಾಲು ಕುಂಟ್ತಾನ ಹುಚ್ಚ, ವಾಚ್‌ಮನ್ ನಗ್ತಾನ.”

ನಾನು ಅವ್ವನನ್ನೇ ನೋಡುತ್ತಾ ನಿಂತೆ. ಗಂಟೆ ಹೊಡೆಯಿತು. ಅವ್ವ ಚಿಲಕಕ್ಕೆ ಕೈ ಹಾಕಿ, ತಿರುಗಿ, ಮತ್ತೆ ಪಿಸುಗುಟ್ಟಿದಳು:

“ಕಾಲಿಗೆ ತಾಗದಂಗ ಚುಚ್ಚು. ಸಣ್ಣಾಂವಿದ್ದಾಗಿಂದ ಸೂಜಿ ಅಂದ್ರ ಅಂಜತಾನ.”